ಬ್ಯಾಗ್ ಬಿಟ್ಟು ಬಟ್ಟಲು ಹಿಡಿದೆ

ಜ್ವರದ ಕೂಸಿನ ಉಚ್ಚೆಯನ್ನು ನೇರವಾಗಿ ಬಟ್ಟಲಿಗೆ ಹಿಡಿದು, ಮೂತ್ರದ ಸೋಂಕಿದೆಯಾ ಅಂತ ತಿಳಿಯಲು ಕ್ಲಿನಿಕ್ಕಿನಲ್ಲೇ ರೋಗಾಣು ಬೆಳೆಸುವ ಪ್ಲೇಟಿಗೆ ಹಾಕಿ, ಮರುದಿನ ಬೆಳಿಗ್ಗೆ ನಾನೇ ನೋಡುತ್ತೇನೆ ಅಂದಾಗ ಮಂಡ್ಯದ ನಮ್ಮ ವೈದ್ಯ ಮಿತ್ರರ ಕೂಟದಲ್ಲಿ ನಕ್ಕವರೇ ಹೆಚ್ಚು. 'ಓಪಿಡಿ ಬಿಟ್ಟು ಉಚ್ಚೆಗೆ ಕಾಯ್ತಾ ಕೂರ್ತೀರೇನ್ರಿ?' ಅಂತ ಒಬ್ಬರು ಕೇಳಿದರು. ಅದೇ ಗುಂಪಿನ ಇಬ್ಬರು ಮೂವರು ಈಗ ತಮ್ಮ ನರ್ಸ್ ಸಿಸ್ಟರ್‌ಗಳನ್ನು ನನ್ನಲ್ಲಿಗೆ ಕಲಿಯಲು ಕಳಿಸುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಉಚ್ಚೆ ಹಿಡಿಯಲು ಮಗುವಿಗೆ ಅಂಟಿಸುವ ಪ್ಲಾಸ್ಟಿಕ್ ಬ್ಯಾಗಿನ ಪಾಡು ನಿಮಗೆ ಗೊತ್ತಿರುವುದೇ. ಒಂದಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿ. ಹೆಣ್ಣುಮಗುವಾದರೆ ಅಂಟಿಸಿದ ಅರ್ಧ ಗಂಟೆಗೆ ಜಾರುತ್ತದೆ. ಎರಡನೆಯದರೊಳಕ್ಕೆ ಕಕ್ಕ ಸೇರುತ್ತದೆ. ಮೂರನೆಯದರಲ್ಲಿ ಸಿಕ್ಕ ಐದು ಎಂಎಲ್ಲನ್ನು ಕಲೆಕ್ಷನ್ ಹುಡುಗ ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಊರೆಲ್ಲ ಸುತ್ತಿ, ಏಪ್ರಿಲ್ ಬಿಸಿಲಲ್ಲಿ ಸಂಜೆ ಹೊತ್ತಿಗೆ ಮೈಸೂರು ಮುಟ್ಟಿಸುತ್ತಾನೆ. ಫ್ರಿಜ್ಜಿನ ಹೊರಗಿಟ್ಟರೆ ಒಂದು ಗಂಟೆಯೊಳಗೆ ಪ್ಲೇಟಾಗಬೇಕಾದ ಮಾದರಿ ಅದು. ಮೂರನೇ ದಿನ ರಿಪೋರ್ಟ್ ಬರುತ್ತದೆ: ಮಿಕ್ಸ್ಡ್ ಗ್ರೋತ್ (ಹಲವು ಬಗೆಯ ರೋಗಾಣು ಬೆರೆತು ಬೆಳೆದಿವೆ), ರಿಪೀಟ್ ಮಾಡಿ. ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವುದಕ್ಕೆ, ನಾನೂರೈವತ್ತು ಐನೂರು ಕೊಟ್ಟ ಅಪ್ಪ ನನ್ನ ಮುಖ ನೋಡುತ್ತಾನೆ. ಅಷ್ಟರಲ್ಲಿ ಮಗುವಿಗೆ ಸೆಫಿಕ್ಸಿಮ್ ಆಂಟಿಬಯಾಟಿಕ್ ಮೂರು ದಿನ ಆಗಿರುತ್ತದೆ. ಇನ್ನು ಏನನ್ನು ರಿಪೀಟ್ ಮಾಡುವುದು?

ಬ್ಯಾಗಿನ ರಿಪೋರ್ಟ್ ನೆಗೆಟಿವ್ ಬಂದರೆ ನಂಬಬಹುದು, ಪಾಸಿಟಿವ್ ಬಂದರೆ ನಂಬಬಾರದು ಅಂತ ಓದಿದ್ದೇವೆ. ಆದರೆ ಪಾಸಿಟಿವ್ ಬಂದ ಚೀಟಿ ಕೈಯಲ್ಲಿದ್ದಾಗ ಔಷಧಿ ಬರೆಯದೆ ಬಿಡುವ ಧೈರ್ಯ ಎಷ್ಟು ಜನಕ್ಕಿದೆ? ಪಾಂಡವಪುರ ಕಡೆಯಿಂದ ಒಂಬತ್ತು ತಿಂಗಳ ಹೆಣ್ಣುಮಗು ಬಂತು. ಬೇರೆ ಕಡೆ ಮೂರು ಸಲ 'ಯುಟಿಐ', ಅಂದರೆ ಮೂತ್ರದ ಸೋಂಕು ಅಂತ ಬರೆದಿದ್ದರು, ಮೂರೂ ಬ್ಯಾಗಿನ ಮಾದರಿ. ಸೋಂಕು ಮರುಕಳಿಸದಿರಲಿ ಅಂತ ರಾತ್ರಿ ಹೊತ್ತು ನೈಟ್ರೋಫ್ಯುರಾಂಟೊಯಿನ್ ನಡೆಯುತ್ತಿತ್ತು, ಎಂಸಿಯು (ಮೂತ್ರಕೋಶಕ್ಕೆ ದ್ರಾವಣ ತುಂಬಿ ತೆಗೆಯುವ ಎಕ್ಸ್‌ರೇ) ಬೇರೆ ಬರೆದುಕೊಟ್ಟಿದ್ದರು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೂಲಿ. ನಮ್ಮಲ್ಲಿ ಆ ರಾತ್ರಿಯ ಔಷಧಿ ನಿಲ್ಲಿಸಿ, ಆಮೇಲೆ ಜ್ವರ ಬಂದಾಗೆಲ್ಲ ಬಟ್ಟಲಿಗೆ ಹಿಡಿದೆವು. ಪ್ರತಿ ಸಲವೂ ಪ್ಲೇಟ್ ಖಾಲಿ. ಸ್ಕ್ಯಾನ್ ನಾರ್ಮಲ್. ಎಂಸಿಯು ಮಾಡಿಸಲಿಲ್ಲ. ಮಗುವಿಗೆ ಈಗ ಮೂರು ವರ್ಷ ದಾಟಿದೆ, ಬಂದರೆ ನೆಗಡಿಗೆ ಮಾತ್ರ ಬರುತ್ತದೆ.

ಬಟ್ಟಲಿಗೆ ಬರುವ ಮುಂಚೆ ಬೇರೆ ಏನೇನೋ ಮಾಡಿ ನೋಡಿದ್ದೆ. ಡೈಪರಿನೊಳಗೆ ಸ್ಟೆರೈಲ್ ಹತ್ತಿ ಇಟ್ಟು ಸಿರಿಂಜಿನಲ್ಲಿ ಹಿಂಡುವುದು: ಪ್ಲೇಟಿನ ತುಂಬ ರೋಗಾಣುಗಳ ಕಾಡು. ಒದ್ದೆ ಗಾಜ್ ಬಟ್ಟೆಯಿಂದ ಹೊಟ್ಟೆಯ ಕೆಳಗೆ ತಣ್ಣಗೆ ಉಜ್ಜುವುದು, ಅದೇ 2017ರಲ್ಲಿ ಮೆಲ್ಬರ್ನ್‌ನವರು ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು. ಐದು ನಿಮಿಷದಲ್ಲಿ ಅವರಿಗೇ ನೂರಕ್ಕೆ ಮೂವತ್ತು ಮಕ್ಕಳು ಹುಯ್ದಿದ್ದು. ನನಗೆ ಅಷ್ಟೂ ಸಿಗಲಿಲ್ಲ. ಡಿಸೆಂಬರಿನಲ್ಲಿ ತಣ್ಣನೆ ಬಟ್ಟೆ ಇಟ್ಟರೆ ಮಗು ಕಿರುಚುತ್ತದೆ, ಅಜ್ಜಿ ನಮ್ಮ ಮೇಲೆ ಕಿರುಚುತ್ತಾಳೆ. ನಲ್ಲಿ ಬಿಟ್ಟು ಸದ್ದು ಕೇಳಿಸಿದೆ, ಟ್ಯಾಂಕ್ ಖಾಲಿಯಾಯಿತು.

ಕೈಹಿಡಿದದ್ದು ಮ್ಯಾಡ್ರಿಡ್‌ನವರ ತಟ್ಟುವ ವಿಧಾನ. 2013ರಲ್ಲಿ ಬಂದದ್ದು, ನಿಮ್ಮಲ್ಲಿ ಹಲವರು ವಿಡಿಯೋ ನೋಡಿದ್ದೀರಿ. ಎಂಬತ್ತು ನವಜಾತ ಶಿಶುಗಳಲ್ಲಿ ನೂರಕ್ಕೆ ಎಂಬತ್ತಾರು ಯಶಸ್ಸು, ಸರಾಸರಿ ಒಂದು ನಿಮಿಷದೊಳಗೆ. ಹಾಲು ಕುಡಿಸಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡಿ. ಸೋಪು ನೀರಿನಲ್ಲಿ ತೊಳೆದು ಒರೆಸಿ. ಕಂಕುಳಲ್ಲಿ ಹಿಡಿದು ಕಾಲು ಜೋತಾಡಿಸಿ. ಕಿಬ್ಬೊಟ್ಟೆಯಲ್ಲಿ, ಪ್ಯೂಬಿಸ್ ಮೂಳೆಗಿಂತ ತುಸು ಮೇಲೆ, ಬೆರಳ ತುದಿಯಿಂದ ಅರ್ಧ ನಿಮಿಷ, ನಿಮಿಷಕ್ಕೆ ನೂರರ ಲೆಕ್ಕದಲ್ಲಿ ತಟ್ಟಿ. ಆಮೇಲೆ ಸೊಂಟದ ಹಿಂದೆ ಬೆನ್ನುಮೂಳೆಯ ಎರಡೂ ಬದಿ ಅರ್ಧ ನಿಮಿಷ ಹೆಬ್ಬೆರಳು ಸುತ್ತಿಸಿ. ಮತ್ತೆ ತಟ್ಟಿ. ಒತ್ತಬೇಡಿ. ಹಲಸಿನಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡುವಷ್ಟು ಸಾಕು.

ಪುಸ್ತಕದಲ್ಲಿರುವ ಹಾಗೆ ಮಾಡಿದಾಗ ನಮ್ಮಲ್ಲಿ ಮೊದಮೊದಲು ಮೂರರಲ್ಲಿ ಒಂದೂ ಸಿಗಲಿಲ್ಲ. ಜೋತಾಡಿಸಿದರೆ ಆರು ತಿಂಗಳ ಮೇಲಿನ ಮಗು ಅಳುತ್ತದೆ, ಅಳುವ ಮಗು ಹುಯ್ಯುವುದಿಲ್ಲ. ದಾರಿ ತೋರಿಸಿದ್ದು ಕೀಲಾರದ ಕಡೆಯ ಒಬ್ಬ ಅಜ್ಜಿ. ನಮ್ಮ ಸರ್ಕಸ್ ನೋಡಿ ಬೇಸತ್ತು, 'ಬುಡಿ ಸಾ, ಇಲ್ಲಿ ಕೊಡಿ' ಅಂದು ನೆಲದ ಮೇಲೆ ಕಾಲು ಚಾಚಿ ಕೂತರು. ಕೂಸನ್ನು ಎರಡೂ ಪಾದಗಳ ಮೇಲೆ ಕೂರಿಸಿಕೊಂಡು 'ಸ್ಸ್ಸ್' ಅಂದರು. ಮನೆಯಲ್ಲಿ ಹುಟ್ಟಿದಾಗಿನಿಂದ ಹಾಗೇ ಹುಯ್ಯಿಸಿ ರೂಢಿ. ಸಿಸ್ಟರ್ ಬಟ್ಟಲು ಹುಡುಕುವಷ್ಟರಲ್ಲಿ ಅಜ್ಜಿಯ ಸೀರೆ ನೆನೆದಿತ್ತು.

ಅವತ್ತಿನಿಂದ ಜೋತಾಡಿಸುವುದು ಬಿಟ್ಟೆವು. ಪಾದದ ಮೇಲೆ ಅಜ್ಜಿಯೇ ಕೂರಿಸಿಕೊಳ್ಳುತ್ತಾರೆ, ಸದ್ದೂ ಅವರದ್ದೇ. ನಮ್ಮ ಸಿಸ್ಟರ್ ಎದುರು ಕೂತು ತಟ್ಟುತ್ತಾರೆ. ಡೈಪರ್ ಹಾಕಿಯೇ ಬೆಳೆಸಿದ ಮಕ್ಕಳಿಗೆ ಈ ಸದ್ದು ಅಷ್ಟಾಗಿ ಹಿಡಿಯುವುದಿಲ್ಲ. ಹಳ್ಳಿಯ ಮಕ್ಕಳಲ್ಲಿ ಈಗ ಹತ್ತಕ್ಕೆ ಏಳೆಂಟು ಸಿಗುತ್ತಿದೆ, ಹೆಚ್ಚಿನವು ಮೂರು ನಾಲ್ಕು ನಿಮಿಷದೊಳಗೆ. ಇಷ್ಟು ಬೇರೆ ಎಲ್ಲಾದರೂ ಬರುತ್ತಿದ್ದರೆ ತಿಳಿಸಿ, ನಾನೇ ನೋಡಲು ಬರುತ್ತೇನೆ. ಹೆಣ್ಣುಮಕ್ಕಳಿಗೆ ಸ್ಟೆರೈಲ್ ಡಬ್ಬಿಯ ಬಾಯಿ ಸಣ್ಣದಾಯಿತು. ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ರೋಗಾಣು ಕೊಂದ) ಸ್ಟೀಲ್ ಕಿಡ್ನಿ ಟ್ರೇ ಸರಿ. ಟ್ರೇಯನ್ನು ಯಾವ ಕಡೆಯಿಂದ, ಯಾವ ಕೋನದಲ್ಲಿ ಹಿಡಿದರೆ ಮೊದಲ ಹನಿಗಳು ಹೊರಗೆ ಬಿದ್ದು ನಡುವಿನದು ಒಳಗೆ ಬೀಳುತ್ತದೆ ಅನ್ನುವುದು ನಮ್ಮ ಸಿಸ್ಟರ್ ಕಂಡುಹಿಡಿದದ್ದು. ಅದನ್ನು ಬರೆಯಲು ಅವರು ಒಪ್ಪಿಲ್ಲ, ಬಂದವರಿಗೆ ತೋರಿಸುತ್ತಾರೆ.

ತೊಳೆಯುವುದರಲ್ಲಿ ಜಿಪುಣತನ ಬೇಡ. ಕೆನಡಾದವರು 2007ರಲ್ಲಿ ತಾವೇ ಟಾಯ್ಲೆಟ್ಟಿಗೆ ಹೋಗಲು ಕಲಿತ ಮಕ್ಕಳಲ್ಲಿ ನೋಡಿದಾಗ, ಸೋಪಿನಲ್ಲಿ ತೊಳೆದವರಲ್ಲಿ ಕಲಬೆರಕೆ ನೂರಕ್ಕೆ ಎಂಟರ ಹತ್ತಿರ, ತೊಳೆಯದವರಲ್ಲಿ ಇಪ್ಪತ್ನಾಲ್ಕರ ಹತ್ತಿರ. ಎರಡು ರೂಪಾಯಿಯ ಸೋಪು ಮಾಡುವ ಕೆಲಸ ಅದು.

ಇನ್ನು ಪ್ಲೇಟಿನ ವಿಷಯ. ಪ್ಲೇಟುಗಳನ್ನು ಬೆಚ್ಚಗಿಡುವ ಒಳ್ಳೆ ಇನ್‌ಕ್ಯುಬೇಟರ್ ಮೂವತ್ತು ಸಾವಿರದ ಮೇಲೆ ಹೇಳಿದರು. ನನ್ನ ಪೇಷೆಂಟಿನ ಅಪ್ಪ ಒಬ್ಬರು ನಾಟಿ ಕೋಳಿ ಮರಿ ಮಾಡಿ ಮಾರುವವರು. ಮೊಟ್ಟೆಗೆ ಕಾವು ಕೊಡುವ ಅವರ ಪೆಟ್ಟಿಗೆಯಂಥದ್ದೇ ನಮಗೂ ಆಯಿತು: ಥರ್ಮೋಕೋಲ್ ಪೆಟ್ಟಿಗೆ, ನಲವತ್ತು ವ್ಯಾಟ್ ಬಲ್ಬು, ಇನ್ನೂರು ರೂಪಾಯಿ ಒಳಗಿನ ಡಿಜಿಟಲ್ ಥರ್ಮೋಸ್ಟಾಟ್, ಕಂಪ್ಯೂಟರಿನ ಹಳೇ ಫ್ಯಾನು. ಮೊಟ್ಟೆಗೆ ಮೂವತ್ತೇಳೂವರೆ ಡಿಗ್ರಿ ಇಡುತ್ತಾರೆ, ನಮಗೆ ಮೂವತ್ತೈದರಿಂದ ಮೂವತ್ತೇಳು ಸಾಕು. ಎಲ್ಲ ಸೇರಿ ಸಾವಿರದ ಇನ್ನೂರೋ ಮುನ್ನೂರೋ ಆಯಿತು. ಮೊದಲ ವಾರ ಸೆನ್ಸರ್ ಬಲ್ಬಿನ ಹತ್ತಿರವಿದ್ದು ಮೂಲೆಯ ಪ್ಲೇಟುಗಳು ತಣ್ಣಗೇ ಉಳಿದವು. ಆಮೇಲೆ ಪ್ಲೇಟಿನಲ್ಲಿರುವ ಅಗರ್ ಜೆಲ್ಲಿ ಒಣಗಿ ಬಿರುಕು ಬಿಟ್ಟಿತು, ಒಂದು ಬಟ್ಟಲು ನೀರಿಟ್ಟ ಮೇಲೆ ಸರಿಹೋಯಿತು. ಕರೆಂಟ್ ಹೋದರೆ ಯುಪಿಎಸ್ ಇದೆ. ಮೂರೂವರೆ ಗಂಟೆಯ ಮೇಲೆ ಹೋದರೆ ಕರೆಂಟ್ ಕಂಪನಿ ಸೆಸ್ಕಿನವರೇ ಗತಿ.

ಉಚ್ಚೆಯ ರೋಗಾಣು ಬೆಳೆಸುವ ಸಿಎಲ್‌ಇಡಿ ಅಗರ್ ಪ್ಲೇಟ್ ರೆಡಿಮೇಡ್ ತರಿಸುತ್ತೇನೆ, ಒಂದಕ್ಕೆ ಮೂವತ್ತು ನಲವತ್ತು. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಇದರ ಮೇಲೆ ಹರಡಿಕೊಳ್ಳುವುದಿಲ್ಲ ಅನ್ನುವುದು ದೊಡ್ಡ ಉಪಕಾರ. ಒಂದು ಮೈಕ್ರೋಲೀಟರ್ ಉಚ್ಚೆ ಹಿಡಿಯುವ ಲೂಪಿನಿಂದ (ತಂತಿಯ ಉಂಗುರ) ಗೆರೆ ಎಳೆಯಿರಿ, ಬೆಳೆದ ಕಾಲೋನಿ (ರೋಗಾಣುಗಳ ಚುಕ್ಕೆ) ಎಣಿಸಿ ಸಾವಿರದಿಂದ ಗುಣಿಸಿ, ಒಂದು ಎಂಎಲ್ಲಿನ ಲೆಕ್ಕ ಸಿಗುತ್ತದೆ. ನೂರು ದಾಟಿದರೆ ಲಕ್ಷ ದಾಟಿತು. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ತೆಗೆದಾಗ ಹಸಿರು ಪ್ಲೇಟು ಗೆರೆಯುದ್ದಕ್ಕೂ ಹಳದಿಗೆ ತಿರುಗಿದ್ದು, ಕಾಲೋನಿಗಳೆಲ್ಲ ಒಂದೇ ಗಾತ್ರ, ಒಂದೇ ಬಣ್ಣವಿದ್ದರೆ ಕೈ ತಾನೇ ಫೋನಿಗೆ ಹೋಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾ ಇರಬೇಕು, ಲೋಳೆಲೋಳೆಯಾಗಿದ್ದರೆ ಕ್ಲೆಬ್ಸಿಯೆಲ್ಲಾ. ರಿಪೋರ್ಟ್ ಬರೆದು ಕೊಡುವುದು ಮಾತ್ರ ನಾನಲ್ಲ. ಬೆಳೆದ ಪ್ಲೇಟನ್ನು ಮೈಕ್ರೋಬಯಾಲಜಿ ಲ್ಯಾಬಿಗೆ ಕಳಿಸುತ್ತೇನೆ, ರೋಗಾಣುವಿನ ಗುರುತು ಮತ್ತು ಸೆನ್ಸಿಟಿವಿಟಿ (ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದು) ಅವರದು. ಖಾಲಿ ಪ್ಲೇಟಿಗೆ ಅವರ ಫೀಸು ಉಳಿಯಿತು, ಮಗುವಿಗೆ ಆಂಟಿಬಯಾಟಿಕ್ ಉಳಿಯಿತು. ಮುಗಿದ ಪ್ಲೇಟುಗಳು ಆಟೋಕ್ಲೇವಿಗೆ ಹೋಗಿ ಆಸ್ಪತ್ರೆ ಕಸದ ಹಳದಿ ಚೀಲ ಸೇರುತ್ತವೆ, ಅದರಲ್ಲಿ ರಾಜಿ ಇಲ್ಲ.

ಲೆಕ್ಕ ಕೇಳುತ್ತೀರಿ. ಒಂದು ಮಾದರಿಗೆ ನನಗೆ ಬೀಳುವುದು ಎಪ್ಪತ್ತು ಎಂಬತ್ತು, ತೆಗೆದುಕೊಳ್ಳುವುದು ನೂರೈವತ್ತು. ಸಿಸ್ಟರ್ ಸಮಯ ಹಿಡಿದರೆ ಲಾಭವಿಲ್ಲ. ಆದರೆ ಉಚ್ಚೆ ಹಿಡಿಯುವ ಡಾಕ್ಟ್ರು ಅಂತ ಮದ್ದೂರು, ಮಳವಳ್ಳಿ ಕಡೆಯಿಂದ ಬರುವವರು ಹೆಚ್ಚಾಗಿದ್ದಾರೆ. ಹೆಸರು ಚೆನ್ನಾಗಿಲ್ಲ, ಓಪಿಡಿ ಚೆನ್ನಾಗಿದೆ.

ಎಳನೀರಿನ ಮೇಲೂ ಒಂದು ಪ್ರಯೋಗ ಮಾಡಿದೆ. ಮದ್ದೂರಿನ ಎಳನೀರು ಕುಡಿಸಿದರೆ ಬೇಗ ಹುಯ್ಯುತ್ತಾರೆ ಅಂತ ವರ್ಷದ ಮೇಲಿನವರಿಗೆ ಕೊಟ್ಟು ನೋಡಿದೆ. ಬೇಗ ಹುಯ್ಯುವುದು ನಿಜ, ನೀರಿನಂಥದ್ದು. ಸೋಂಕಿನ ಸುಳಿವಿಗೆ ಉಚ್ಚೆಯಲ್ಲಿ ಅದ್ದುವ ನೈಟ್ರೈಟ್ ಪಟ್ಟಿ (ಸ್ಟ್ರಿಪ್) ಕೆಲಸ ಮಾಡಬೇಕಾದರೆ ಉಚ್ಚೆ ಮೂತ್ರಕೋಶದಲ್ಲಿ ನಾಲ್ಕು ಗಂಟೆಯಾದರೂ ನಿಂತಿರಬೇಕು. ಪುಟ್ಟ ಮಕ್ಕಳಲ್ಲಿ ಮೊದಲೇ ನಿಲ್ಲುವುದಿಲ್ಲ. ಸ್ಟ್ರಿಪ್ ನೆಗೆಟಿವ್, ಪ್ಲೇಟ್ ತುಂಬ ಹಳದಿ ಅನ್ನುವುದು ಒಂದೆರಡು ಸಲ ಆದ ಮೇಲೆ ಎಳನೀರನ್ನು ಮಾದರಿ ಕೊಟ್ಟಾದ ಮೇಲಿನ ಬಹುಮಾನ ಮಾಡಿದೆವು.

ಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಕಥೆ ಬೇರೆ. ಮತ್ತೆ ಮತ್ತೆ ಉರಿಮೂತ್ರ ಅಂತ ಬರುವ ಆರೇಳು ವರ್ಷದವರಲ್ಲಿ ಹೊಟ್ಟೆ ಮುಟ್ಟಿ ನೋಡಿ, ಎಡಗಡೆ ಗಟ್ಟಿ ಗಟ್ಟಿ ಸಿಗುತ್ತದೆ, ಮಲಬದ್ಧತೆ ಅದು. ಸ್ಕೂಲಿನ ಟಾಯ್ಲೆಟ್ ಗಲೀಜು ಅಂತ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕಟ್ಟಿಕೊಂಡು ಕೂರುತ್ತವೆ. ಇವರಿಗೆ ಮಲ ಸಡಿಲ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ತಿಂಗಳುಗಟ್ಟಲೆ ಕೊಡಿಸುತ್ತೇನೆ, ಕಮೋಡಿದ್ದರೆ ಕಾಲಡಿ ಮಣೆ ಇಡಿಸುತ್ತೇನೆ. ಎರಡು ಮೂರು ಗಂಟೆಗೊಮ್ಮೆ ಹೊರಗೆ ಬಿಡಿ ಅಂತ ಟೀಚರಿಗೆ ಒಂದು ಚೀಟಿ, ಸೀಲು ಹೊಡೆದು. ಜೆರಾಕ್ಸ್ ಎರಡು ರೂಪಾಯಿ. ಸೀಲಿಲ್ಲದ ಚೀಟಿಗೆ ಬೆಲೆ ಇಲ್ಲ, ಸೀಲಿದ್ದರೆ ಹೆಡ್‌ಮಿಸ್ಟ್ರೆಸ್ಸೇ ಫೋನ್ ಮಾಡಿ ಕೇಳುತ್ತಾರೆ. ಮಲ ಸಡಿಲವಾದವರಲ್ಲಿ ಮತ್ತೆ ಸೋಂಕು ಅಂತ ಬಂದವರು ಬೆರಳೆಣಿಕೆ.

ಎಲ್ಲರಿಗೂ ಬಟ್ಟಲು ಹಿಡಿಯಬೇಡಿ. ಎರಡು ಮೂರು ತಿಂಗಳೊಳಗಿನ ಜ್ವರದ ಕೂಸು, ವಾಂತಿ ಮಾಡಿ ಸುಸ್ತಾಗಿರುವುದು, ಹಾಲು ಹಿಡಿಯದಿರುವುದು, ಇವಕ್ಕೆ ಕಾಯುವ ಮಾತಿಲ್ಲ. ಮೂತ್ರನಾಳಕ್ಕೆ ಕ್ಯಾತಿಟರ್ ಕೊಳವೆ ಹಾಕಿ ಮಾದರಿ ತೆಗೆದು ಮೊದಲ ಇಂಜೆಕ್ಷನ್ ಕೊಟ್ಟು ಅಡ್ಮಿಟ್‌ಗೆ ಕಳಿಸುತ್ತೇನೆ. ನಡೆಯಲು ಕಲಿತ ಹನ್ನೆರಡು ಕೆಜಿಯ ಗಂಡುಮಗುವಂತೂ ಪಾದದ ಮೇಲೆ ಕೂರುವುದೇ ಇಲ್ಲ, ಅಂಥವಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ತಟ್ಟಿ ಪ್ರಯೋಜನವಿಲ್ಲ.

ನೋಡಬೇಕೆನ್ನುವವರು ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ. ಪ್ಲೇಟ್ ನೀವೇ ತನ್ನಿ, ಬದಲಿ ಬಟ್ಟೆಯೂ ಇರಲಿ.