ಮಗುವಿಗೆ ಬ್ಲಾಕ್ ಕೊಟ್ಟಿದ್ದಾರಾ? ಅದು ಇಳಿಯುವ ಮೊದಲೇ ನೋವಿನ ಔಷಧಿ ಕೊಡಿ

ಮೂತ್ರದ ದಾರಿ ಸರಿಮಾಡುವುದೋ, ಮುಂದೊಗಲು ತೆಗೆಯುವುದೋ, ಕೆಳಗಿಳಿಯದ ವೃಷಣ ಇಳಿಸುವುದೋ, ಇಂಥ ಆಪರೇಷನ್‌ಗೆ ಅರಿವಳಿಕೆ ಡಾಕ್ಟರು 'ಜೊತೆಗೆ ಬ್ಲಾಕ್ ಕೊಡ್ತೀವಿ' ಅಂದರೆ ಹೆದರಬೇಡಿ. ಬ್ಲಾಕ್ ಅಂದರೆ ಆಪರೇಷನ್ ಆದ ಜಾಗದ ನೋವು ಗೊತ್ತಾಗದ ಹಾಗೆ ನರದ ಹತ್ತಿರ ಕೊಡುವ ಸೂಜಿಮದ್ದು. ಸಾಮಾನ್ಯವಾಗಿ ಮಗು ಪೂರ್ತಿ ನಿದ್ದೆಗೆ ಹೋದ ಮೇಲೆಯೇ ಸೂಜಿ ಹಾಕುತ್ತಾರೆ. ನರದ ಹತ್ತಿರ ಬುಪಿವಕೇನ್ ಅಥವಾ ರೋಪಿವಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬಿಟ್ಟರೆ ಆ ಜಾಗ ಕೆಲವು ಗಂಟೆ ಮರಗಟ್ಟಿರುತ್ತದೆ. ಡೋಸ್ ಪೂರ್ತಿ ತೂಕದ ಲೆಕ್ಕ. ಬುಪಿವಕೇನ್ ಆದರೆ ಸಾಮಾನ್ಯವಾಗಿ ಕೆಜಿಗೆ 2.5 ಮಿಲಿಗ್ರಾಂ ದಾಟಿಸುವುದಿಲ್ಲ. ಹಾಗಾಗಿ ಹಳೇ ತೂಕ ಅಂದಾಜಿಗೆ ಹೇಳಬೇಡಿ, ಮಗುವನ್ನು ತೂಗಿಸಿ.

ಯಾವ ಬ್ಲಾಕ್ ಅಂತ ಕೇಳಿಕೊಳ್ಳಿ. ಬೆನ್ನುಮೂಳೆಯ ಕೆಳತುದಿಯ ಸಣ್ಣ ಕಿಂಡಿಯಿಂದ ಕೊಡುವುದು ಕಾಡಲ್. ಮುಂದೊಗಲಿನ ಆಪರೇಷನ್‌ಗೆ ಶಿಶ್ನದ ಬುಡದಲ್ಲೇ ಕೊಡುವುದುಂಟು, ಅದರಲ್ಲಿ ಕಾಲಿಗೆ ಏನೂ ಆಗುವುದಿಲ್ಲ. ವೃಷಣದ ಆಪರೇಷನ್‌ಗೆ ತೊಡೆಸಂದಿಯ ಮೇಲಿನ ನರಕ್ಕೂ ಕೊಡುತ್ತಾರೆ.

ಇನ್ನು ಮುಖ್ಯವಾದದ್ದು. ಬ್ಲಾಕ್ ಎಷ್ಟು ಹೊತ್ತಿಗೆ ಕೊಟ್ಟರು, ಪ್ಯಾರಾಸಿಟಮಾಲ್ ಆಪರೇಷನ್ ಥಿಯೇಟರ್‌ನಲ್ಲೇ ಹಾಕಿದ್ದಾರಾ, ಹಾಕಿದ್ದರೆ ಎಷ್ಟು ಗಂಟೆಗೆ, ಇಷ್ಟನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಔಷಧಿ ಬೆರೆಸದ ಕಾಡಲ್ ಸುಮಾರು 4ರಿಂದ 6 ಗಂಟೆ ನಿಲ್ಲುತ್ತದೆ. ಬೆಳಿಗ್ಗೆ 9ಕ್ಕೆ ಬ್ಲಾಕ್ ಜೊತೆಗೇ ಪ್ಯಾರಾಸಿಟಮಾಲ್ ಕೂಡ ಹಾಕಿದ್ದರೆ ಮಧ್ಯಾಹ್ನ 3ಕ್ಕೆ ಮುಂದಿನ ಡೋಸ್, ಮಗು ಆಟವಾಡುತ್ತಾ ಇದ್ದರೂ ಸರಿ. ಹಾಕಿಲ್ಲದಿದ್ದರೆ 12ರ ಹೊತ್ತಿಗೇ ಕೊಡಬಹುದಾ ಅಂತ ಕೇಳಿ. ಸಾಮಾನ್ಯವಾಗಿ ಕೆಜಿಗೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ, ಆದರೆ ನಿಮ್ಮ ಚೀಟಿಯಲ್ಲಿ ಬರೆದದ್ದೇ ಕೊನೆ ಮಾತು. 'ನಗ್ತಾ ಇದೆಯಲ್ಲ, ಸುಮ್ನೆ ಯಾಕೆ ಔಷಧಿ' ಅಂತ ಬಿಟ್ಟರೆ ಸಂಜೆ ನೋವು ಒಮ್ಮೆಲೇ ಏರುತ್ತದೆ, ಏರಿದ್ದನ್ನು ಇಳಿಸುವುದು ತುಂಬಾ ಕಷ್ಟ.

ಕಾಡಲ್ ಆದ ಪುಟ್ಟ ಮಗು ಎದ್ದ ತಕ್ಷಣ ತನ್ನ ಪಾದವನ್ನೇ ಮುಟ್ಟಿ ಮುಟ್ಟಿ ನೋಡಿ ಅಳುವುದುಂಟು. ಅದು ನೋವಲ್ಲ, ಕಾಲು ತನ್ನದಲ್ಲ ಅನ್ನಿಸುವ ದಿಗಿಲು. ಎತ್ತಿಕೊಳ್ಳಿ, ಪಾದ ಸವರಿ. ಒಂಟಿಯಾಗಿ ನಡೆಯಲು ಬಿಡಬೇಡಿ, ಬಿಸಿನೀರಿನ ಚೀಲ ಹತ್ತಿರ ತರಲೇಬೇಡಿ, ಸುಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ.

ಮಾತು ಬಾರದ ಮಗುವಿನ ನೋವು ಹೇಗೆ ತಿಳಿಯಬೇಕು? ಮುಖ ಕಿವುಚುವುದು, ಕಾಲು ಒದೆಯುವುದು, ಮೈ ಬಿಗಿಯುವುದು, ಎತ್ತಿಕೊಂಡರೂ ಸಮಾಧಾನ ಆಗದ ಅಳು, ಇವನ್ನು ನೋಡಿ. ಮೂತ್ರದ ಟ್ಯೂಬ್ ಇದ್ದರೆ ಇನ್ನೊಂದು ವಿಷಯ: ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಡಿ ಮಡಚಿ ಚೀರಿ, ಟ್ಯೂಬಿನ ಪಕ್ಕದಿಂದ ಮೂತ್ರ ಸೋರಿ, ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗಾದರೆ ಅದು ಮೂತ್ರಕೋಶ ಹಿಂಡಿಕೊಳ್ಳುವ ನೋವಿರಬಹುದು. ಇದಕ್ಕೆ ಪ್ಯಾರಾಸಿಟಮಾಲ್ ಅಷ್ಟಾಗಿ ಹಿಡಿಯುವುದಿಲ್ಲ, ಆಕ್ಸಿಬ್ಯುಟಿನಿನ್ ಥರದ ಬೇರೆ ಔಷಧಿಯೇ ಬೇಕು. ಮನೆಗೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಟ್ಯೂಬ್ ಇಲ್ಲದ ಮಗು 6ರಿಂದ 8 ಗಂಟೆಯಾದರೂ ಮೂತ್ರ ಮಾಡದಿದ್ದರೆ, ರಾತ್ರಿಯಾದರೂ ಕಾಲು ಆಡಿಸದಿದ್ದರೆ, ರಕ್ತ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.