ಗೋಡೆಯ ಬೂಷ್ಟು: ಮೊದಲು ನೀರು ಹುಡುಕಿ, ಆಮೇಲೆ ಬ್ರಷ್ ಹಿಡಿಯಿರಿ

ಉಜ್ಜಿ ತೆಗೆದ ಬೂಷ್ಟು ಹದಿನೈದೇ ದಿನದಲ್ಲಿ ಅದೇ ಜಾಗಕ್ಕೆ ಮರಳಿದರೆ ಸೋತಿದ್ದು ಕ್ಲೀನರ್ ಅಲ್ಲ. ಅಲ್ಲಿಗೆ ಇನ್ನೂ ನೀರು ಬರುತ್ತಿದೆ. ಬೂಷ್ಟಿನ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ. ಅವಕ್ಕೆ ತೇವ ಸಿಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

ನೀರಿನ ಮೂಲ ಪತ್ತೆಗೆ ಸುಲಭದ ದಾರಿಯಿದೆ. ಕಲೆಯ ಪಕ್ಕದ ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಚದರ ಅಡಿ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 48 ಗಂಟೆ ಬಿಡಿ. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಜಿನುಗುತ್ತಿದೆ: ಪೈಪು, ಚಾವಣಿ, ಹೊರಗೋಡೆಯ ಬಿರುಕು ನೋಡಿ. ಮುಂಬದಿಯಲ್ಲಿ ಹನಿ ಕೂತಿದ್ದರೆ ಕೋಣೆಯ ಗಾಳಿಯ ತೇವವೇ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆ. ಗೋಡೆಯ ಬುಡದ ಬಿಳಿ ಪುಡಿ ನೀರು ಹಾಕಿದರೆ ಕರಗುತ್ತದೆಯೇ? ಅದು ಉಪ್ಪು, ಬೂಷ್ಟಲ್ಲ. ಆದರೆ ಒಳಗಿಂದ ನೀರು ಬರುತ್ತಿದೆಯೆಂದು ಅದೂ ಹೇಳುತ್ತದೆ.

ಕಲೆ ಸುಮಾರು 10 ಚದರ ಅಡಿಗಿಂತ ಚಿಕ್ಕದಿದ್ದರೆ ನೀವೇ ತೆಗೆಯಬಹುದು. ಅದಕ್ಕಿಂತ ದೊಡ್ಡದಿದ್ದರೆ, ಅಥವಾ ಚರಂಡಿ ನೀರು ನುಗ್ಗಿದ್ದರೆ, ಬಲ್ಲವರಿಗೆ ಬಿಡಿ. ಆಸ್ತಮಾ ಇರುವವರು, ಕೀಮೋಥೆರಪಿ ಪಡೆಯುತ್ತಿರುವವರು ಈ ಕೆಲಸಕ್ಕೆ ಕೈಹಾಕಬಾರದು. ಎನ್‌95 ಮಾಸ್ಕ್, ರಬ್ಬರ್ ಕೈಗವಸು, ರಂಧ್ರವಿಲ್ಲದ ಕನ್ನಡಕ ಬೇಕು. ಫ್ಯಾನ್ ನಿಲ್ಲಿಸಿ, ಒಳಬಾಗಿಲು ಮುಚ್ಚಿ, ಕಿಟಕಿ ತೆರೆದಿಡಿ. ಬಹಳ ಜನ ಇಲ್ಲೇ ಎಡವುವುದು: ಒಣ ಬ್ರಷ್ಷಿನಲ್ಲಿ ಉಜ್ಜುತ್ತಾರೆ, ಬೀಜಕಣಗಳು ಮನೆತುಂಬ ಹಾರುತ್ತವೆ. ಮೊದಲು ಸಾಬೂನು ನೀರು ಸಿಂಪಡಿಸಿ, ಒದ್ದೆಯಿರುವಾಗಲೇ ಡಿಟರ್ಜೆಂಟಿನಿಂದ ಉಜ್ಜಿ, ಶುದ್ಧ ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ.

ಬ್ಲೀಚ್ ಟೈಲ್ಸ್, ಗಾಜಿನಂಥ ನೀರು ಹೀರದ ಮೇಲ್ಮೈಗೆ ಮಾತ್ರ. ಲೀಟರ್ ನೀರಿಗೆ 60 ಮಿಲಿಗಿಂತ ಹೆಚ್ಚು ಬೇಡ. ಗಾರೆ, ಮರದಲ್ಲಿ ಅದು ಮೇಲಷ್ಟೇ ಬಿಳುಪು ತರುತ್ತದೆ, ಅದರ ನೀರು ಮಾತ್ರ ಒಳಗಿಳಿಯುತ್ತದೆ. ಅಲ್ಲದೆ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಹಾಗಾಗಿ ಕೊಂದರೆ ಸಾಲದು, ತೆಗೆಯಬೇಕು. ವಿನಿಗರ್, ಅಮೋನಿಯಾ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಎಂದೂ ಬೆರೆಸಬೇಡಿ, ವಿಷಾನಿಲ ಹೊಮ್ಮುತ್ತದೆ. ಒಳಗೆಲ್ಲ ಬೂಷ್ಟು ಹಿಡಿದ ದಿಂಬು, ಹಾಸಿಗೆ, ಉಬ್ಬಿದ ಸೀಲಿಂಗ್ ಹಲಗೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎಸೆಯುವುದೇ ಸರಿ.

ಬೂಷ್ಟಿನಿಂದ ಸೀನು, ಕಟ್ಟಿದ ಮೂಗು, ಕಣ್ಣುರಿ, ಕೆಮ್ಮು ಸಾಮಾನ್ಯ. ಆಸ್ತಮಾ ಇದ್ದರೆ ಉಲ್ಬಣಿಸುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಶ್ವಾಸಕೋಶದ ಸೋಂಕೂ ಆಗಬಹುದು. ಮನೆಯಿಂದ ನಾಲ್ಕು ದಿನ ದೂರವಿದ್ದಾಗ ಕಡಿಮೆಯಾಗಿ, ಮರಳಿದೊಡನೆ ಶುರುವಾಗುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ. ಕಪ್ಪು ಬೂಷ್ಟೆಂದರೆ ವಿಷವೆಂದು ಬೆದರಬೇಕಿಲ್ಲ: ಬಣ್ಣದಿಂದ ಜಾತಿ ತಿಳಿಯದು, ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಒಂದೇ. ಲ್ಯಾಬ್ ಪರೀಕ್ಷೆಗೆ ಹಾಕುವ ಹಣವನ್ನು ರಿಪೇರಿಗೆ ಹಾಕಿ.

ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಇಟ್ಟುಕೊಳ್ಳಿ. ಕೋಣೆಯ ಸಾಪೇಕ್ಷ ಆರ್ದ್ರತೆ 60 ಶೇಕಡಾ ದಾಟಬಾರದು, 30ರಿಂದ 50 ಉತ್ತಮ. ಕಿಟಕಿ ತೆರೆದರೆ ಒಣಗುತ್ತದೆ ಎಂಬ ಮಾತು ಮಳೆಗಾಲದಲ್ಲಿ ನಿಜವಲ್ಲ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಒಳಗೆ ಬರುವುದು ತೇವವೇ. ಆಗ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಯಂತ್ರ ಅಥವಾ ಎಸಿ ಬೇಕು. ಎಸಿಯನ್ನು ವಿಪರೀತ ತಣ್ಣಗಿಟ್ಟು ಆಮೇಲೆ ಕಿಟಕಿ ತೆರೆದರೆ ಗೋಡೆಯೇ ಬೆವರುತ್ತದೆ. ಸ್ನಾನದ ನಂತರ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ಬೀರುವನ್ನು ಹೊರಗೋಡೆಯಿಂದ ಎರಡು ಮೂರು ಇಂಚು ಸರಿಸಿ. ನೆನೆದದ್ದೇನಿದ್ದರೂ 24ರಿಂದ 48 ಗಂಟೆಯೊಳಗೆ ಒಣಗಬೇಕು.

ಕಲೆಯ ಮೇಲೇ ಬಣ್ಣ ಬಳಿದರೆ ಅದು ಸಿಪ್ಪೆಯೇಳುತ್ತದೆ. ಗೋಡೆ ಒಣಗಿತೆನ್ನಿಸಿದಾಗ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಎರಡೂ ಬದಿ ಒಣಗಿಯೇ ಇದ್ದರೆ ಬಣ್ಣದ ಡಬ್ಬ ತೆರೆಯಿರಿ.