ಸ್ಟ್ರಾಂಗ್ ಬಿಯರ್ ಬಿಟ್ಟು ಐಪಿಎಗೆ ಬಂದೆ: ನನ್ನ ಅನುಭವ

"ನೀನು ಸ್ಟ್ರಾಂಗ್ ಗಿರಾಕಿ ಮಗಾ, ನಿನ್ ನಾಲಿಗೆ ಬದಲಾಗಲ್ಲ" ಅಂತ ನಮ್ಮ ಗ್ಯಾಂಗ್ ಪಟ್ಟು ಹಿಡಿದಿತ್ತು. ಈಗ ಮೈಕ್ರೋಬ್ರೂವರಿಗೆ (ಅಲ್ಲೇ ಬಿಯರ್ ತಯಾರಿಸಿ ಕೊಡುವ ಜಾಗ) ಹೋದರೆ ಮೆನು ನನ್ನ ಕೈಗೇ ಕೊಡುತ್ತಾರೆ.

ವರ್ಷಗಟ್ಟಲೆ ನನ್ನದು 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿ. ಹಲ್ಲು ಜುಮ್ಮೆನ್ನುವಷ್ಟು ಕೋಲ್ಡ್ ಇರಬೇಕು, ಅಷ್ಟೇ. 2010ರ ಆಚೆಗೆ ಬೆಂಗಳೂರಿನಲ್ಲಿ ಟೊಯ್ಟ್ ಥರದ ಮೈಕ್ರೋಬ್ರೂವರಿಗಳು ಬಂದ ಮೇಲೆ ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಹೂವಿನ ಘಮ, ಕಹಿ ಜಾಸ್ತಿ ಇರುವ ಬಿಯರ್) ಆಸೆ ಹತ್ತಿತು. ನೇರವಾಗಿ ಅದಕ್ಕೇ ಕೈ ಹಾಕಿದರೆ ಆಗಲ್ಲ. ನಮ್ಮ ಮಾಮೂಲಿ ಬಾಟಲಿ ಬಿಯರ್, ಅಂದರೆ ಲಾಗರ್, 15 ಐಬಿಯು (ಕಹಿಯ ಅಳತೆ) ಆಸುಪಾಸು, ಐಪಿಎ 50-60. ಒಂದು ಪಿಂಟ್ ಗ್ಲಾಸಿಗೆ ಮುನ್ನೂರೈವತ್ತು ರೂಪಾಯಿ ಕೊಟ್ಟು ಅರ್ಧ ಬಿಟ್ಟು ಎದ್ದಿದ್ದೇ ಜಾಸ್ತಿ. ಹಲವು ಬಿಯರ್ ಸಣ್ಣ ಗ್ಲಾಸುಗಳಲ್ಲಿ ಬರುವ ಸ್ಯಾಂಪ್ಲರ್ ಟ್ರೇಯಲ್ಲಿ ಮೂರನೇ ಗ್ಲಾಸಿಗೆ ನಾಲಿಗೆ ಸುಸ್ತು. ಐನೂರರ ಮೇಲಿನ ಇಂಪೋರ್ಟೆಡ್ ಬಾಟಲಿಗಳನ್ನೂ ತಂದೆ. ಎಷ್ಟೋ ತಿಂಗಳು ಅಂಗಡಿ ಶೆಲ್ಫಿನಲ್ಲಿ ಬೆಚ್ಚಗೆ ಕೂತಿದ್ದ ಮಾಲು. ಹಾಪ್ಸ್ ವಾಸನೆ ಹೋಗಿ ಒದ್ದೆ ರಟ್ಟಿನ ವಾಸನೆ ಉಳಿದಿತ್ತು. ಒಟ್ಟು ಹನ್ನೆರಡು ಹದಿಮೂರು ಸಾವಿರ ಹೋಗಿರಬೇಕು.

ಕೆಲಸ ಮಾಡಿದ್ದು ಇದು: ಒಂದು ಸಲಕ್ಕೆ ಒಂದೇ ಸ್ಟೈಲ್, ತಿಂಗಳೋ ಒಂದೂವರೆ ತಿಂಗಳೋ ಅದೇ. ಮೊದಲು ವೈಸ್ ಬಿಯರ್, ಅಂದರೆ ಗೋಧಿ ಬಿಯರ್. ಯೀಸ್ಟ್ ಕೊಡುವ ಬಾಳೆಹಣ್ಣು, ಲವಂಗದ ಘಮ ಸಿಹಿ ನಾಲಿಗೆಗೆ ಬೇಗ ಒಗ್ಗುತ್ತದೆ. ಆಮೇಲೆ ಪೇಲ್ ಏಲ್, ಅದು ಐಪಿಎಗಿಂತ ಕಹಿ ಕಮ್ಮಿ. ಕೊನೆಗೆ ಐಪಿಎ, ಅದೂ ಅರ್ಧ ಪಿಂಟ್, ಊಟಕ್ಕೆ ಮೊದಲು. ಗ್ಲಾಸನ್ನು ಹತ್ತು ನಿಮಿಷ ಸುಮ್ನೆ ಬಿಡಿ, ತೀರಾ ತಣ್ಣಗಿದ್ದರೆ ಘಮ ಏಳಲ್ಲ. ಜೊತೆಗೆ ಚಿಕನ್ ಗೀ ರೋಸ್ಟ್ ಬೇಡ, ಕಹಿಗೆ ಖಾರ ಸೇರಿದರೆ ಬಾಯಿ ಉರಿಯುತ್ತದೆ. ಬೇಯಿಸಿದ ಕಡಲೆಕಾಯಿ ಸಾಕು. ಎರಡು ಗುಟುಕಿನ ಮಧ್ಯೆ ನಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಇನ್ನೊಂದು ವಸ್ತು ಇದೆ, ಅದು ನನ್ನ ಹತ್ತಿರವೇ ಇರಲಿ.

ಮನೆಯಲ್ಲೂ ಕಹಿ ಅಭ್ಯಾಸ ನಡೆಸಿದೆ. ಫಿಲ್ಟರ್ ಕಾಫಿಗೆ ಸಕ್ಕರೆ ಕಮ್ಮಿ ಮಾಡುತ್ತಾ ಪೂರ್ತಿ ಬಿಟ್ಟೆ. ಬೆಲ್ಲ ಹಾಕದ ಹಾಗಲಕಾಯಿ ಪಲ್ಯ ಕೇಳಿದಾಗ ಅಮ್ಮ "ಹುಷಾರಾಗಿದೀಯಾ ತಾನೇ?" ಅಂದರು. ಪಲ್ಯದಿಂದ ಏನು ಲಾಭವಾಯಿತೋ ಕಾಣೆ, ಸ್ಟೌಟ್ (ಹುರಿದ ಘಮದ ಕಪ್ಪು ಬಿಯರ್) ಮಾತ್ರ ಆ ಕಾಫಿಯಿಂದಲೇ ಹಿಡಿಸಿತು.

ಮಧ್ಯೆ ಇನ್ನೊಂದು ನೋಡಿದೆ. ಹಸಿರು ಬಾಟಲಿ, ಕಂದು ಬಾಟಲಿ ಎರಡನ್ನೂ ಟೆರೇಸಿನ ಬಿಸಿಲಲ್ಲಿ ಗಂಟೆ ಹೊತ್ತು ಇಟ್ಟು, ಮತ್ತೆ ಫ್ರಿಜ್ಜಿಗೆ ಹಾಕಿ ತೆರೆದೆ. ಹಸಿರಿನದು ಸುಟ್ಟ ರಬ್ಬರಿನ ನಾತ, ಕಂದಿನದು ಸರಿಯಾಗಿತ್ತು. ಬೆಳಕು ಬಿದ್ದರೆ ಹಾಪ್ಸ್ ಕೆಡುತ್ತದೆ, ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಆ ನಾತವನ್ನೇ ಫಾರಿನ್ ಟೇಸ್ಟ್ ಅನ್ನುತ್ತಿದ್ದ ಗೆಳೆಯ ಎರಡನ್ನೂ ಮೂಸಿ ನೋಡಿ ಬಾಯಿ ಮುಚ್ಚಿಕೊಂಡ.

ಐಪಿಎ ಹುಚ್ಚು ಎರಡು ವರ್ಷ ಇತ್ತು. ಈಗ ಮತ್ತೆ ಲಾಗರ್‌ಗೇ ಬಂದಿದ್ದೇನೆ, ಆದರೆ ಸ್ಟ್ರಾಂಗ್ ಅಲ್ಲ, ಪಿಲ್ಸ್ನರ್ ಅನ್ನುವ ತಿಳಿ ಬಣ್ಣದ ಲಾಗರ್. ಅದರಲ್ಲಿ ತಪ್ಪು ಮುಚ್ಚಿಡೋಕೆ ಜಾಗವೇ ಇಲ್ಲ. ತಯಾರಿಕೆ ಸರಿ ಹೋಗದಿದ್ದರೆ ಬರುವ ಬೆಣ್ಣೆ ವಾಸನೆ ಇದ್ದರೆ ಗ್ಲಾಸು ಮೂಗಿನ ಹತ್ತಿರ ಬರುವಾಗಲೇ ಹಿಡಿಯುತ್ತೇನೆ. ಹುಳಿ ಬಿಯರ್‌ಗೂ ಇದೇ ಕ್ರಮ ಶುರು ಮಾಡಿದ್ದೇನೆ, ಇನ್ನೂ ಒಗ್ಗಿಲ್ಲ.